ಸೋಮವಾರದ ಬಿಳಿ

ಒಂಬತ್ತನೆಯ ಕಂತು

"ತೋಳು ನಂದೇ. ಕಲೆನೂ ನಂದೇ. ಅಂಗಿ ಮಾತ್ರ ನಂದಲ್ಲ."

ದರ್ಜಿ ಫೋಟೋವನ್ನು ಮೇಜಿನ ಮೇಲಿಟ್ಟು ಒಂದೇ ಬೆರಳಿನಿಂದ ನನ್ನ ಕಡೆಗೆ ತಳ್ಳಿದಳು. ಮುಟ್ಟಿದರೆ ಅಂಟಿಕೊಳ್ಳುವ ವಸ್ತುವೇನೋ ಎಂಬಂತೆ.

"ಸರಿಯಾಗಿ ನೋಡಮ್ಮ. ಭಾನುವಾರ ಇದೇ ಅಂಗಿ ಹಾಕ್ಕೊಂಡು ತಾನೇ ಬಂದಿದ್ದು?"

"ಕಾಲರ್ ಅದೇ, ತೋಳಿನ ಮಡಿಕೆ ಅದೇ. ನಾನೇ ಹೊಲಿದದ್ದು, ನನಗೆ ಗುರುತು ಸಿಗಲ್ವಾ ಮೇಡಂ? ಆದ್ರೆ ನನ್ನ ಅಂಗಿ ಬೂದಿ ಬಣ್ಣ. ಇದು ನೀರಿನ ತೊಟ್ಟಿ ಪಾಚಿ. ಈ ಬಣ್ಣದ ಬಟ್ಟೆ ಗಿರಾಕಿ ತಂದ್ರೂ ನಾನು ಮಿಷಿನ್ನಿಗೆ ಹತ್ತಿಸಲ್ಲ."

ಅವಳು ಚೀಲಕ್ಕೆ ಕೈಹಾಕಿ ಚಿಂದಿಗಳ ನಡುವಿನಿಂದ ಅಂಗೈಯಗಲದ ಒಂದು ತುಂಡನ್ನು ಎಳೆದಳು. ಅದೇ ಅಂಗಿ ಕತ್ತರಿಸಿ ಉಳಿದ ಬಟ್ಟೆ. ನಾನು ಮೇಜಿನ ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು ತುಂಡನ್ನು ಫೋಟೋದ ಮೇಲಿಟ್ಟೆ.

ಬಟ್ಟೆ ತಣ್ಣಗಿನ ಒಲೆಯ ಬೂದಿಯ ಹಾಗಿತ್ತು. ಫೋಟೋದ ಅಂಗಿ ಹಸಿರಿಗೆ ತಿರುಗಿತ್ತು. ಒಂದೇ ಥಾನಿನ ಎರಡು ತುಂಡು ಎಂದು ಆಣೆ ಮಾಡಿ ಹೇಳಿದರೂ ಯಾರೂ ನಂಬುವಂತಿರಲಿಲ್ಲ.

ಈ ಫೋಟೋ ನಾಡಿದ್ದು ಸೋಮವಾರ ಹನ್ನೊಂದು ಗಂಟೆಗೆ ನ್ಯಾಯಾಧೀಶರ ಮುಂದೆ ಬರುತ್ತದೆ. ಅದನ್ನು ನಂಬಿದರೆ ದರ್ಜಿಯ ನಾಲ್ಕು ವರ್ಷದ ಮಗಳು ಗಂಡನ ಪಾಲು.

ಕಳೆದ ಶನಿವಾರ ಗಂಡ ತನ್ನ ತೋಳು ಹಿಡಿದು ಗೋಡೆಗೆ ಅಪ್ಪಳಿಸಿದ ಎಂದು ಅವಳು ದೂರು ಕೊಟ್ಟಿದ್ದಳು. ಮರುದಿನ ನಮ್ಮ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಂಡಳು. ನಿನ್ನೆ ಗಂಡನ ಕಡೆಯ ಡಾಕ್ಟರು ಅದನ್ನು ನೋಡಿ, ಕಲೆಯ ಅಂಚು ಹಳದಿ ಹಸಿರಿಗೆ ತಿರುಗಿದೆ, ಪೆಟ್ಟು ಬಿದ್ದು ವಾರವಾದರೂ ಆಗಿರಬೇಕು ಎಂದು ಬರೆದುಕೊಟ್ಟಿದ್ದಾರೆ. ಎರಡು ವಾರ ಊರಲ್ಲೇ ಇಲ್ಲದಿದ್ದ ಗಂಡ ಬಂದಿಳಿದದ್ದೇ ಆ ಶನಿವಾರ. ಹಾಗಾದರೆ ಪೆಟ್ಟು ಅವನದಲ್ಲ. ದೂರು ಸುಳ್ಳು. ಸುಳ್ಳು ದೂರು ಕೊಡುವ ತಾಯಿಯ ಕೈಯಲ್ಲಿ ಮಗುವನ್ನು ಬಿಡುವುದು ಹೇಗೆ?

ಫೋಟೋದ ಹಿಂದೆ ಒಂದು ಸಾಲು ಟೈಪಾಗಿತ್ತು: ಬಣ್ಣಗಳು ಯಥಾವತ್ತಾಗಿವೆ. ಅದರ ಕೆಳಗೆ ಬುಧವಾರ ನಾನು ಚಿತ್ರ ತಿರುಗಿಸಿಯೂ ನೋಡದೆ ಹಾಕಿದ ಸಹಿ.

ಮೂವತ್ತು ವರ್ಷ ಬಣ್ಣ ನೋಡಿಯೇ ಅನ್ನ ತಿಂದವಳು ನಾನು. ಮೊದಲು ಫೋಟೋ ತೊಳೆಯುವ ಲ್ಯಾಬಿನಲ್ಲಿ, ಆಮೇಲೆ ಮನೆಯ ಮುಂಭಾಗದ ಈ ಸ್ಟುಡಿಯೋದಲ್ಲಿ. ವಕೀಲರು ಅನುಮಾನದ ಫೋಟೋಗಳನ್ನು ನನಗೆ ತಂದು ತೋರಿಸುತ್ತಾರೆ. ಯಾರೋ ತಿದ್ದಿದ್ದನ್ನು ನಾನು ಹಿಡಿಯುತ್ತೇನೆ. ಅದು ನನ್ನ ಕೆಲಸ, ಒಣ ಜಂಬವೂ ಹೌದು.

"ಕಲೆಯನ್ನ ಮಾತ್ರ ಯಾರಾದ್ರೂ ತಿದ್ದಿದ್ರೆ ಅಂಗಿ ಬೂದಿಯಾಗೇ ಇರ್ಬೇಕಿತ್ತು," ಎಂದೆ. "ಇಲ್ಲಿ ಇಡೀ ಚಿತ್ರಾನೇ ಹಸಿರಿಗೆ ವಾಲಿದೆ. ಅಂಗಿ, ಗೋಡೆ, ನಿನ್ನ ಉಗುರು, ಎಲ್ಲಾ."

"ಅಂದ್ರೆ ಇಡೀ ಚಿತ್ರಕ್ಕೆ ಬಣ್ಣ ಕೂಡಿಸಿದೋರು ಯಾರೋ, ಇದು ಅವರ ಕೆಲಸ."

"ಹೂಂ."

"ಯಾರು ಮೇಡಂ?"

ಮಂಗಳವಾರ ಮಧ್ಯಾಹ್ನ ಎರಡು ಗಂಟೆಯಿಂದ ಮೂರರವರೆಗೆ ಬಣ್ಣ ಸರಿಮಾಡಲು ಆ ಫೋಟೋದ ಮುಂದೆ ಕೂತವಳು ನಾನೇ.

"ಗೊತ್ತಾಗತ್ತೆ. ಐದೂವರೆಗೆ ಬಾ."

ಅವಳು ತೋಳು ಮೇಲೇರಿಸಿ ತೋರಿಸಿದಳು. ಕಲೆ ಈಗ ನಿಜಕ್ಕೂ ಹಳದಿ ಹಸಿರಾಗಿತ್ತು. ಒಂದು ವಾರ ತಡವಾಗಿ ತೋಳು ಫೋಟೋಗೆ ಸಾಕ್ಷಿ ಹೇಳತೊಡಗಿತ್ತು.

"ಇದನ್ನೂ ತೋರಿಸ್ದೆ ಮೇಡಂ. ಹಳೇದು, ಇನ್ನೂ ಮಾಸಿಲ್ಲ ಅಷ್ಟೆ ಅಂದ್ರು. ನನ್ನ ಮೈಯೂ ಅವರ ಕಡೆ ವಕೀಲಿ ಮಾಡ್ತಿದೆ." ಅವಳು ನಕ್ಕಳು. ನಗಬಾರದ ಕಡೆ ನಗುವ ಹೆಂಗಸರನ್ನು ಕಂಡರೆ ನನಗೆ ಭಯ. ಅವರ ಅಳು ಮುಗಿದಿರುತ್ತದೆ.

ಮುಂಗೋಣೆಯಲ್ಲಿ ಮಗಳು ನೆಲದ ಮೇಲೆ ಕವುಚಿ ಮಲಗಿ ಹಾಳಾದ ಫೋಟೋಗಳ ಬೆನ್ನ ಮೇಲೆ ಮನೆ ಬರೆಯುತ್ತಿದ್ದಳು. ದರ್ಜಿಯ ಮಗಳೆಂದು ಬೀದಿಯವರೆಲ್ಲ ಅವಳನ್ನು ಗುಂಡಿ ಎಂದೇ ಕರೆಯುವುದು. ತಾಯಿ ಹೊಲಿಗೆ ಅಂಗಡಿಯಲ್ಲಿರುವಷ್ಟು ಹೊತ್ತೂ ಅವಳು ನನ್ನ ತಂಗಿಯ ಹತ್ತಿರ ಇರುತ್ತಾಳೆ. ಎರಡು ವರ್ಷದಿಂದ ಹೀಗೇ.

"ದೊಡ್ಡಮ್ಮಂಗೆ ತೊಂದ್ರೆ ಕೊಡ್ಬೇಡ," ಎಂದು ದರ್ಜಿ ಮಗಳ ತಲೆ ಮುಟ್ಟಿದಳು.

"ತೊಂದ್ರೆನಾ? ನಮ್ಮಿಬ್ರಿಗೂ ನೀನೇ ತೊಂದ್ರೆ, ಹೋಗು ಅತ್ಲಾಗೆ," ಎಂದಳು ತಂಗಿ. ಮೂವರೂ ನಕ್ಕರು. ದರ್ಜಿ ತಂಗಿಯನ್ನು ಅಕ್ಕಾ ಎನ್ನುತ್ತಾಳೆ. ಮನಸಾರೆ ಎನ್ನುತ್ತಾಳೆ.

ನಾನು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದೆ.

*

ಫೋಟೋ ತಿದ್ದುವವಳಿಗೆ ಮಾನಿಟರೇ ಕಣ್ಣು. ಅಂಗಡಿಯಿಂದ ಬರುವಾಗ ಮಾನಿಟರ್‌ಗಳೆಲ್ಲ ಹೊಸ ಸೊಸೆಯ ಉತ್ಸಾಹದಲ್ಲಿರುತ್ತವೆ, ಬೇಕಾದ್ದಕ್ಕಿಂತ ಮೂರು ಪಟ್ಟು ಬೆಳಕು, ಇರುವುದಕ್ಕಿಂತ ಹೆಚ್ಚು ನೀಲಿ. ಆ ಬೆಳಕಿನಲ್ಲಿ ತಿದ್ದಿದ ಫೋಟೋ ಕಾಗದಕ್ಕೆ ಬಂದಾಗ ಕಪ್ಪಾಗಿ ಮುಖ ಗಂಟು ಹಾಕಿಕೊಳ್ಳುತ್ತದೆ. ಆದ್ದರಿಂದ ಬೆಳಕು ಇಳಿಸಬೇಕು. ಬಿಳಿ ಎಂದರೆ ಯಾವ ಬಿಳಿ ಎಂದು ಅದಕ್ಕೆ ಹೇಳಿಕೊಡಬೇಕು. ಹೇಳಿಕೊಟ್ಟದ್ದನ್ನು ಅದು ಮೆಲ್ಲಗೆ ಮರೆಯುತ್ತದೆ, ಹಾಗಾಗಿ ಮತ್ತೆ ಮತ್ತೆ ಹೇಳಬೇಕು.

ನಮ್ಮಲ್ಲಿ ಅದಕ್ಕೆ ಸೋಮವಾರ ಬೆಳಿಗ್ಗೆ ನಿಗದಿ. ಕಿಟಕಿ ಪರದೆ ಎಳೆದು, ಬಣ್ಣ ಅಳೆಯುವ ಪುಟ್ಟ ಯಂತ್ರವನ್ನು ಸ್ಕ್ರೀನಿನ ಮೇಲೆ ತೂಗುಹಾಕಿ ಬಿಡುವುದು. ಗುಂಡಗೆ, ಕಪ್ಪಗೆ, ಬಾಲದಂಥ ತಂತಿ ಇರುವ ಅದನ್ನು ತಂಗಿ ಮೊದಲ ದಿನವೇ ಆಮೆ ಎಂದು ಕರೆದಳು. ಸ್ಕ್ರೀನು ಒಂದಾದ ಮೇಲೊಂದು ಬಣ್ಣ ತೋರಿಸುತ್ತದೆ, ಆಮೆ ಹೊಟ್ಟೆಯಲ್ಲಿರುವ ಕಣ್ಣಿನಿಂದ ಅದನ್ನು ನೋಡಿ ಅಳತೆ ಬರೆದುಕೊಳ್ಳುತ್ತದೆ. ಆ ಅಳತೆಯ ಪ್ರಕಾರ ಮಾನಿಟರ್ ತನ್ನ ಓರೆಕೋರೆ ತಿದ್ದಿಕೊಳ್ಳುತ್ತದೆ.

ಈ ಸೋಮವಾರ ನಾನು ಇನ್ನೊಂದು ಕೇಸಿಗೆ ಕೋರ್ಟಿನಲ್ಲಿದ್ದೆ. ಅಳತೆ ತೆಗೆದವಳು ತಂಗಿ.

ನಾನು ಅಳತೆಗಳ ಪಟ್ಟಿ ತೆರೆದೆ.

ಬಳಕೆಯಲ್ಲಿದ್ದದ್ದು ಹಿಂದಿನ ಸೋಮವಾರದ್ದು. ಈ ಸೋಮವಾರದ್ದು ಕೆಳಗಡೆ ಸುಮ್ಮನೆ ಬಿದ್ದಿತ್ತು. ಮಂಗಳವಾರ ಸಂಜೆ ಆರೂ ಹತ್ತಕ್ಕೆ ಯಾರೋ ಹೊಸದನ್ನು ಬಿಟ್ಟು ಹಳೆಯದಕ್ಕೆ ಮರಳಿದ್ದರು.

ಹೊಸ ಅಳತೆ ಚೆನ್ನಾಗಿದ್ದರೆ ಅದನ್ನು ಬಿಟ್ಟದ್ದೇಕೆ? ಕೆಟ್ಟಿದ್ದರೆ ನನಗೆ ಹೇಳಲಿಲ್ಲವೇಕೆ?

ಅದರ ಮೇಲೆ ಒತ್ತಿದೆ. ಸ್ಕ್ರೀನು ಒಮ್ಮೆ ಕಣ್ಣು ಮಿಟುಕಿಸಿ ನೇರಳೆಗೆ ಜಾರಿತು.

ಹೌದು, ಕಾಣುವಂತೆಯೇ ಜಾರಿತು. ಬಿಳಿ ಪಂಚೆ ಒಗೆಯುವಾಗ ಬಣ್ಣದ ಬಟ್ಟೆ ಸೇರಿಕೊಂಡ ಹಾಗೆ. ಆದರೆ ಮಂಗಳವಾರ ನಾನು ಬಂದು ಕೂತಾಗಲೇ ಅದು ಹಾಗಿತ್ತು. ಹೋಲಿಸಲು ಪಕ್ಕದಲ್ಲಿ ಏನೂ ಇರಲಿಲ್ಲ. ಹತ್ತು ನಿಮಿಷ ಒಂದೇ ಬಣ್ಣದೊಳಗೆ ಕೂತರೆ ಕಣ್ಣು ರಾಜಿಯಾಗಿಬಿಡುತ್ತದೆ, ಇದೇ ಬಿಳಿ ಎಂದು ಒಪ್ಪಿಕೊಳ್ಳುತ್ತದೆ. ಕಣ್ಣೊಂದೇ ಅಲ್ಲ. ನಾನು ಇಪ್ಪತ್ತು ವರ್ಷ ಸಂಸಾರ ಮಾಡಿದ್ದೂ ಹೀಗೆಯೇ. ಗಂಡ ಸತ್ತು ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಮನೆಯಲ್ಲಿ ಯಾರೂ ಗದರುತ್ತಿಲ್ಲ ಎಂದು ಥಟ್ಟನೆ ಹೊಳೆದಿತ್ತು.

ನೇರಳೆ ಸ್ಕ್ರೀನಿನಲ್ಲಿ ದರ್ಜಿಯ ತೋಳು ನೇರಳೆಯಾಗಿ ಕಂಡಿರಬೇಕು. ಸರಿಮಾಡುತ್ತಿದ್ದೇನೆ ಎಂದು ನಂಬಿ ನಾನು ಅದರ ಮೇಲೆ ಹಳದಿ ಹಸಿರು ಸುರಿದೆ. ಚರ್ಮ ಚರ್ಮದ ಹಾಗೆ ಕಾಣುವವರೆಗೆ ಸುರಿದೆ. ನೆಟ್ಟಗೆ ಕೂತು, ಶ್ರದ್ಧೆಯಿಂದ, ಒಂದು ಗಂಟೆ.

ಆದರೆ ಆಮೆ ಇಷ್ಟು ತಪ್ಪು ಅಳೆಯುವುದಿಲ್ಲ. ಅದರ ಕಣ್ಣಿಗೆ ಯಾರೋ ಏನೋ ಅಡ್ಡ ಇಟ್ಟಿರಬೇಕು.

ಗೋಡೆಯ ಕಪಾಟಿನಲ್ಲಿ ಫ್ಲ್ಯಾಶ್ ದೀಪಗಳ ಮುಂದೆ ಕಟ್ಟುವ ಬಣ್ಣದ ಹಾಳೆಗಳಿವೆ. ಒಂದೊಂದಾಗಿ ತೆಗೆದು ನೋಡಿದೆ. ಕೆಂಪು, ಕಿತ್ತಳೆ, ಎರಡು ನೀಲಿ. ಹಳದಿ ಹಸಿರಿನ ಮೂಲೆಯಲ್ಲಿ ನಾಣ್ಯದಷ್ಟಗಲ ದುಂಡಗೆ ಕತ್ತರಿಸಿತ್ತು. ಆಮೆಯನ್ನು ತಿರುಗಿಸಿ ಹೊಟ್ಟೆಯನ್ನು ಆ ತೂತಿನ ಮೇಲಿಟ್ಟೆ. ಬಾಟಲಿಗೆ ಅದರದೇ ಮುಚ್ಚಳ ಕೂತ ಹಾಗೆ ಕೂತಿತು.

ಹಸಿರು ಹಾಳೆಯ ಮೂಲಕ ನೋಡಿದ ಆಮೆಗೆ ಮಾನಿಟರೆಲ್ಲ ಹಸಿರು ಕಂಡಿತ್ತು. ಆ ಇಲ್ಲದ ಹಸಿರನ್ನು ಅಳಿಸಲು ಅದು ಎಲ್ಲವನ್ನೂ ನೇರಳೆಗೆ ಎಳೆದಿತ್ತು. ಫೋಟೋವನ್ನು ಯಾರೂ ಮುಟ್ಟಿರಲಿಲ್ಲ. ನನ್ನ ಕಣ್ಣನ್ನು ಮುಟ್ಟಿ, ನನ್ನ ಕೈಯಿಂದಲೇ ಸುಳ್ಳು ಬರೆಸಿದ್ದರು.

"ಟೀ," ಎಂದಳು ತಂಗಿ, ಬಾಗಿಲಲ್ಲಿ.

*

ಅವಳು ನೇರಳೆ ಸ್ಕ್ರೀನನ್ನು ನೋಡಿದಳು. ನನ್ನ ಕೈಯಲ್ಲಿದ್ದ ಹಾಳೆಯನ್ನೂ ನೋಡಿದಳು. ಲೋಟಗಳನ್ನು ಮೇಜಿನ ಮೇಲಿಡುವಾಗ ಒಂದು ಹನಿಯನ್ನೂ ಚೆಲ್ಲಲಿಲ್ಲ.

"ಬಾಗಿಲು ಹಾಕಿ ಕೂತ್ಕೋ."

"ಗುಂಡಿ ಒಬ್ಳೇ ಇದಾಳೆ."

"ಹಾಗಾದ್ರೆ ಬಾಗಿಲು ತೆಗೆದೇ ಇರ್ಲಿ. ಕೂತ್ಕೋ."

ನಾನು ಆಮೆಯನ್ನು ಸ್ಕ್ರೀನಿನ ಮೇಲೆ ತೂಗುಹಾಕಿ ಅಳತೆ ಶುರುಮಾಡಿದೆ. ಸೋಮವಾರದ ಬಿಳಿ ಎಷ್ಟು ಓರೆಯಾಗಿದೆ ಎಂದು ಅಂಕಿಯಲ್ಲಿ ಬೇಕಿತ್ತು. ಮುಕ್ಕಾಲು ಗಂಟೆಯ ಕೆಲಸ. ಪರದೆ ಎಳೆದ ಕೋಣೆಯಲ್ಲಿ ಸ್ಕ್ರೀನಿನದೊಂದೇ ಬೆಳಕು.

"ಮಂಗಳವಾರ ಸಂಜೆ ಹಳೇ ಅಳತೆಗೆ ಯಾಕೆ ಬದಲಾಯಿಸ್ದೆ?"

"ನಾನಾ? ನಿಂಗೆ ಎಲ್ಲಾ ಕಡೆ ಕಳ್ಳರೇ ಕಾಣ್ತಾರೆ."

"ಈ ಕೋಣೆಗೆ ಬರೋರು ಇಬ್ಬರೇ."

"ಹಾಗಾದ್ರೆ ಅರ್ಧ ಕಳ್ಳಿ ನೀನು."

"ಕ್ಯಾಮೆರಾದಲ್ಲಿದ್ದ ಮೂಲ ಚಿತ್ರ ಎಲ್ಲಿ?"

"ಕಾರ್ಡ್ ಖಾಲಿ ಮಾಡ್ದೆ, ಕಂಪ್ಯೂಟರಲ್ಲಿದ್ದ ನಕಲನ್ನೂ ತೆಗೆದೆ. ಬುಧವಾರ ಬೇರೆ ಕೆಲಸ ಇತ್ತಲ್ಲ."

"ತಿಂಗಳು ಇಟ್ಕೊಳ್ಳೋದು ನಮ್ಮ ಪದ್ಧತಿ."

"ಪದ್ಧತಿ ನಿಂದು. ಕೂಲಿ ನಂದು."

ಸ್ಕ್ರೀನು ಕೆಂಪಾಯಿತು. ಅವಳ ಮುಖವೂ ಕೆಂಪಾಯಿತು. ಆಮೇಲೆ ಹಸಿರು, ಆಮೇಲೆ ನೀಲಿ. ಕೂತಲ್ಲೇ ಕೂತ ಅವಳ ಮೇಲೆ ಬಣ್ಣಗಳು ಬಂದು ಬಂದು ಹೋಗುತ್ತಿದ್ದವು. ನಲವತ್ತನಾಲ್ಕು ವರ್ಷದಿಂದ ನೋಡುತ್ತಿರುವ ಮುಖ. ಯಾವ ಬಣ್ಣದಲ್ಲಿ ನೋಡಿದರೆ ಇವಳು ಗೊತ್ತಾಗುತ್ತಾಳೆ?

ಹೊರಬಾಗಿಲ ಗಂಟೆ ಬಾರಿಸಿತು. ಅವಳು ಎದ್ದುಹೋದಳು. ಗಂಡಸಿನ ದನಿ, ಮಗುವಿನ ನಗು. ಎರಡು ನಿಮಿಷದಲ್ಲಿ ವಾಪಸಾದಳು.

"ಅವರಪ್ಪ. ಶನಿವಾರ ಅಲ್ವಾ."

ವಿಚಾರಣೆ ಮುಗಿಯುವವರೆಗೆ ಶನಿವಾರಕ್ಕೆ ಒಂದು ಗಂಟೆ, ನಮ್ಮ ಮುಂಗೋಣೆಯಲ್ಲೇ, ನಮ್ಮ ಕಣ್ಣೆದುರೇ ಅವನು ಮಗುವನ್ನು ನೋಡಬಹುದು ಎಂದು ಎರಡೂ ಕಡೆಯ ವಕೀಲರು ಒಪ್ಪಿದ್ದರು.

ನಾನು ಕೇಳಿದೆ, "ಅವನು ನಿಂಗೆ ಏನು ಕೊಡ್ತೀನಿ ಅಂದ?"

ತಂಗಿ ಜೋರಾಗಿ ನಕ್ಕಳು. "ದುಡ್ಡು ಅಂದ್ಕೊಂಡ್ಯಾ? ನಿನ್ನ ತಂಗಿ ಬೆಲೆ ನೀನು ಅಷ್ಟೇ ಕಟ್ಟೋದು."

"ಮತ್ತೆ?"

ಅವಳು ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಸ್ಕ್ರೀನು ಕಡುಬೂದಿಗೆ ಬಂದಿತ್ತು, ಅವಳ ಕಣ್ಣು ಕಾಣಲಿಲ್ಲ.

"ಗುಂಡೀನ."

ನನಗೆ ಕೂಡಲೇ ಅರ್ಥವಾಗಲಿಲ್ಲ. ಅಥವಾ ಅರ್ಥವಾಗದವಳ ಹಾಗೆ ಕೂತೆ.

"ತಿಂಗಳಲ್ಲಿ ಇಪ್ಪತ್ತು ದಿನ ಅವರು ಕಂಪನಿ ಕೆಲಸಕ್ಕೆ ಊರೂರು ಸುತ್ತೋರು. ಮನೇಲಿ ಯಾರೂ ಇಲ್ಲ. ಮಗು ನನ್ನ ಕೈಗೆ ಬಂದ್ರೆ ನಿಮ್ಮ ಹತ್ರಾನೇ ಬಿಡ್ತೀನಿ, ರಾತ್ರಿ ಹಗಲು, ಅಂದ್ರು. ಅವಳು ಗೆದ್ರೆ ಏನ್ಮಾಡ್ತಾಳೆ ಗೊತ್ತಾ? ಅಂಗಡಿ ಮುಚ್ಚಿ ಅವಳಕ್ಕನ ಊರಿಗೆ ಹೋಗ್ತಾಳೆ. ನಂಗೇ ಹೇಳಿದ್ಲು. ಖುಷಿಯಾಗಿ ಹೇಳಿದ್ಲು, ಅಕ್ಕಾ, ಅಲ್ಲಿ ದೊಡ್ಡ ಶಾಲೆ ಇದೆ ಅಂತ. ನನ್ನ ಮುಖ ಅವಳು ನೋಡ್ಲೇ ಇಲ್ಲ."

"ಅವನು ಅವಳಿಗೆ ಹೊಡೆದದ್ದು ನಿಂಗೆ ಗೊತ್ತು."

"ಗೊತ್ತು."

"ಫೋಟೋ ತೆಗೆದವಳೇ ನೀನು."

"ಕೆಂಪಗಿತ್ತು. ನಡುವೆ ಕಪ್ಪು. ನಾಲ್ಕು ಬೆರಳು ಎಣಿಸ್ಬಹುದಿತ್ತು." ಲೆಕ್ಕ ಒಪ್ಪಿಸುವವಳಂತೆ ಹೇಳಿದಳು. "ಎಷ್ಟು ನೋಡಿದ್ರೂ ಫೋಕಸ್ ಸಿಗ್ಲಿಲ್ಲ. ಮೂರು ಸಲ ತೆಗೆದೆ. ಅವಳೇ ನಂಗೆ ಸಮಾಧಾನ ಮಾಡಿದ್ಲು, ಬಿಡಕ್ಕ, ನೋವಿಲ್ಲ ಈಗ ಅಂತ."

"ಆಮೇಲೆ ಒಳಗೆ ಬಂದು ಹಾಳೆ ಕತ್ತರಿಸಿದೆ."

"ಹೂಂ. ಆಮೇಲೆ ಬಂದು ಕತ್ತರಿಸ್ದೆ."

ಬೈಯಲು ಬಾಯಿ ತೆರೆದೆ. ಬಂದದ್ದು ನನ್ನದೇ ಗಾಯ. "ನನ್ನ ಕೈಯಲ್ಲೇ ಯಾಕೆ ಮಾಡಿಸ್ದೆ? ನೀನೇ ತಿದ್ದಬಹುದಿತ್ತಲ್ಲ."

"ನನ್ನ ಸಹಿಗೆ ಕೋರ್ಟಲ್ಲಿ ಯಾರು ಬೆಲೆ ಕೊಡ್ತಾರೆ? ನಿಂದಾದ್ರೆ ನಂಬ್ತಾರೆ. ನಾನೂ ನಂಬ್ತಿದ್ದೆ, ಚಿಕ್ಕೋಳಿದ್ದಾಗ."

"ಒಂದು ಮಗೂನ ತಾಯಿಯಿಂದ ಕಿತ್ಕೊಳ್ಳೋಕೆ—"

"ಕಿತ್ಕೊಳ್ಳೋದಾ?" ಅವಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಹನ್ನೊಂದು ವರ್ಷದ ಹಿಂದೆ ಒಬ್ರು ಆಫೀಸರಮ್ಮ ಈ ಮನೆಗೆ ಬಂದಿದ್ರು. ಕೈಯಲ್ಲಿ ಫೈಲು. ನಾನು ಬಾಗಿಲ ಹಿಂದೆ ನಿಂತಿದ್ದೆ. ನಂಗೆ ದತ್ತು ಕೊಡೋಕೆ ಮೊದ್ಲು ಮನೆಯವರನ್ನ ಕೇಳ್ಬೇಕು ಅಂದ್ರು. ನೀನು ಏನಂದೆ? ನಮ್ಮ ಮನೇಲಿ ಮಗುಗೆ ಜಾಗ ಇಲ್ಲ ಅಂದೆ. ಮೂರು ಕೋಣೆ ಇರೋ ಮನೇಲಿ."

"ನಿನ್ನ ಗಂಡ ಬಿಟ್ಟುಹೋಗಿ ಆಗ ಎರಡು ತಿಂಗಳು. ಊಟ ಬಿಟ್ಟಿದ್ದೆ. ನಿನ್ನ ಸ್ಥಿತಿ—"

"ನನ್ನ ಸ್ಥಿತಿ ನೀನೇ ನೋಡ್ದೆ, ನೀನೇ ತಿದ್ದಿದೆ, ನೀನೇ ಸಹಿ ಹಾಕ್ದೆ. ನನ್ನನ್ನ ಒಂದು ಮಾತು ಕೇಳಿದ್ಯಾ?"

ಕೇಳಿರಲಿಲ್ಲ. ಅವಳ ಒಳ್ಳೆಯದಕ್ಕೆ ಎಂದುಕೊಂಡಿದ್ದೆ. ಆ ಸಂಜೆ ಆಫೀಸರಮ್ಮನನ್ನು ಗೇಟಿನವರೆಗೆ ಬಿಟ್ಟುಬಂದಾಗ ನನಗೆ ಹಗುರವಾಗಿತ್ತು. ಯಾರ ಒಳ್ಳೆಯದಕ್ಕೆ ಹಗುರವಾಗಿತ್ತು ಎಂದು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನನ್ನನ್ನು ನಾನು ಕೇಳಿಕೊಂಡಿಲ್ಲ. ಹೆಂಡತಿಯಾಗಿ, ನೌಕರಿಯವಳಾಗಿ ಸಾಕಾಗಿತ್ತು. ಅಳುವ ಇನ್ನೊಂದು ಜೀವ ಮನೆಯಲ್ಲಿ ನನಗೆ ಬೇಡವಾಗಿತ್ತು. ಅಷ್ಟೆ.

"ಆ ಮಗು ಹೆಣ್ಣಂತೆ," ಎಂದಳು ತಂಗಿ. "ಏಳು ತಿಂಗಳದ್ದಂತೆ. ಫೋಟೋ ಕಳಿಸಿದ್ರು, ನಿಂಗೆ ತೋರಿಸ್ಲಿಲ್ಲ. ತೋರಿಸಿದ್ರೆ ಬೆಳಕು ಸರಿಯಿಲ್ಲ ಅಂತಿದ್ದೆ."

ಆಮೆ ಬೀಪ್ ಎಂದಿತು. ಸ್ಕ್ರೀನಿನ ಮೇಲೆ ಪೆಟ್ಟಿಗೆಯೊಂದು ತೆರೆದುಕೊಂಡಿತು. ಅಂಕಿಗಳ ಕೆಳಗೆ ಒಂದು ಪ್ರಶ್ನೆ. ನನ್ನ ಕಣ್ಣಲ್ಲಿ ನೀರಿತ್ತು. ಕೈ ತನ್ನಷ್ಟಕ್ಕೆ ಮೌಸಿನ ಮೇಲೆ ಹೋಗಿ ಒತ್ತಿತು.

ಸ್ಕ್ರೀನು ಕಣ್ಣು ಮಿಟುಕಿಸಿ ಬೆಳ್ಳಗಾಯಿತು. ನಿಜವಾದ ಬಿಳಿ. ಒಂದು ಗಂಟೆ ನೇರಳೆಯೊಳಗಿದ್ದ ನನ್ನ ಕಣ್ಣಿಗೆ ಅದು ಒಂದು ಕ್ಷಣ ಹಸಿರಾಗಿಯೇ ಕಂಡಿತು.

ಆಗ ನಾನು ಪ್ರಶ್ನೆ ಏನಿತ್ತೆಂದು ನೆನಪಿಸಿಕೊಂಡೆ.

ಈಗ ಬಳಕೆಯಲ್ಲಿರುವ ಅಳತೆಯನ್ನು ಅಳಿಸಿ ಅದರ ಜಾಗದಲ್ಲಿ ಹೊಸದನ್ನು ಉಳಿಸಲೇ?

ಪ್ರತಿ ಸೋಮವಾರ ಅದು ಕೇಳುತ್ತದೆ. ಪ್ರತಿ ಸೋಮವಾರ ನಾನು ಹೌದು ಎನ್ನುತ್ತೇನೆ. ಹಳೆಯ ಅಳತೆಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಇವತ್ತು ಬಳಕೆಯಲ್ಲಿದ್ದದ್ದು ಆ ನೇರಳೆ. ಪಟ್ಟಿ ತೆರೆದೆ. ತಂಗಿ ಅಳಿಸದೆ ಉಳಿಸಿಕೊಂಡಿದ್ದ ಹಿಂದಿನ ಸೋಮವಾರದ್ದೊಂದು ಇತ್ತು, ಇವತ್ತಿನದೊಂದು ಇತ್ತು. ಈ ಸೋಮವಾರದ್ದು ಇರಲಿಲ್ಲ.

ಯಾರದೇ ಕಂಪ್ಯೂಟರಿನ ಮುಂದೆ ಕೂತರೂ ನಾನು ಮೊದಲು ಮಾಡುವುದು ನಕಲು. ಏನನ್ನೂ ಮುಟ್ಟುವ ಮುಂಚೆ ನಕಲು. ಎಷ್ಟು ಜನ ಪೊಲೀಸರಿಗೆ ಆ ಪಾಠ ಹೇಳಿಕೊಟ್ಟಿದ್ದೇನೆ! ನನ್ನ ಮನೆಯ ಕಂಪ್ಯೂಟರು, ನನ್ನ ತಂಗಿ ಎನ್ನುವಾಗ ಮರೆತಿದ್ದೆ.

"ನೀನು ನೋಡ್ತಾ ಇದ್ದೆ," ಎಂದೆ.

"ಹೂಂ."

"ಒತ್ತಬೇಡ ಅನ್ನಬಹುದಿತ್ತು."

"ನೀನೂ ಅನ್ನಬಹುದಿತ್ತು. ನೋಡ್ಕೊಳ್ಳೋಕೆ ತಂಗಿ ಇದಾಳೆ, ಜಾಗ ಇದೆ, ಕರ್ಕೊಂಡು ಬನ್ನಿ ಅಂತ."

*

ಬಟ್ಟೆಯ ತುಂಡು ಉಳಿದಿದೆ. ಆದರೆ ಅದು ಬೇರೆ ಥಾನಿನದ್ದು ಎನ್ನಲು ಎಷ್ಟು ಹೊತ್ತು? ತೂತಿನ ಹಾಳೆ ಇದೆ. ಅದನ್ನು ಇವತ್ತು ಬೆಳಿಗ್ಗೆ ನಾನೇ ಕತ್ತರಿಸಿದೆ ಎನ್ನುತ್ತಾರೆ. ಬಣ್ಣ ನಿಜ ಎಂದು ಬುಧವಾರ ಸಹಿ ಹಾಕಿದವಳು ಸೋಮವಾರ ಬಂದು ಸುಳ್ಳು ಎಂದರೆ, ಯಾವ ದಿನದವಳನ್ನು ನಂಬಬೇಕು ಎಂದು ಎದುರು ವಕೀಲರು ಕೇಳುತ್ತಾರೆ. ನಾನೇ ಆ ಜಾಗದಲ್ಲಿದ್ದರೆ ಹಾಗೇ ಕೇಳುತ್ತಿದ್ದೆ.

ಇನ್ನು ಉಳಿದಿರುವ ಸಾಕ್ಷಿ ಒಂದೇ. ಅದು ನನ್ನೆದುರು ಕೂತು ಆರಿದ ಟೀ ಕುಡಿಯುತ್ತಿತ್ತು.

"ಸೋಮವಾರ ಬಂದು ಹೇಳ್ತೀಯಾ?"

"ಹೇ, ಹೋಗೇ."

"ನಿನ್ನ ಕಾಲಿಗೆ ಬೀಳ್ತೀನಿ."

"ಬೀಳು ನೋಡೋಣ. ಮಂಡಿ ನೋವು ಅಂತ ಮೆಟ್ಟಿಲು ಹತ್ತಲ್ಲ ನೀನು."

ಇಬ್ಬರಿಗೂ ನಗು ಬಂತು. ಬರಬಾರದಿತ್ತು. ನಲವತ್ತು ವರ್ಷ ಒಂದೇ ತಟ್ಟೆಯಲ್ಲಿ ಉಂಡವರ ಹಾಳು ಚಾಳಿ. ನಗು ಮುಗಿದ ಮೇಲೆ ಅವಳು ಲೋಟ ಕೆಳಗಿಟ್ಟು ಕಣ್ಣೊರೆಸಿಕೊಂಡಳು. ಇನ್ನೊಂದು ಮಾತು ಮೆತ್ತಗೆ ಆಡಿದ್ದರೆ ಅವಳು ಕರಗುತ್ತಿದ್ದಳೇನೋ.

ಫೋನು ಬಂತು. ದರ್ಜಿಯ ವಕೀಲೆ. ಆಕೆ ನಮಸ್ಕಾರ ಗಿಮಸ್ಕಾರ ಎಂದು ಹೊತ್ತು ಕಳೆಯುವವಳಲ್ಲ.

"ಮೇಡಂ, ಆ ಮನುಷ್ಯ ನಿನ್ನೆ ಬಾಡಿಗೆ ಮನೆ ಖಾಲಿ ಮಾಡಿದಾನೆ. ಬೆಳಿಗ್ಗೆ ಲಾರಿಯಲ್ಲಿ ಸಾಮಾನು ಹೋಗಿದೆಯಂತೆ. ಈಗ ಗೊತ್ತಾಯ್ತು. ಕೆಲಸಾನೂ ಬಿಟ್ಟಿದಾನೆ. ಸೋಮವಾರದವರೆಗೂ ಇರೋನ ಲಕ್ಷಣ ಅಲ್ಲ ಇದು. ಮಗು ನಿಮ್ಮ ಕಣ್ಣೆದುರಿಗೇ ಇದೆ ತಾನೇ?"

ನಾನು ಫೋನು ಹಿಡಿದುಕೊಂಡೇ ಮುಂಗೋಣೆಗೆ ಓಡಿದೆ.

ನೆಲದ ಮೇಲೆ ಫೋಟೋಗಳು ಹರಡಿದ್ದವು. ಬಣ್ಣದ ಕಡ್ಡಿಯೊಂದು ಮುರಿದು ಬಿದ್ದಿತ್ತು. ಯಾರೂ ಇರಲಿಲ್ಲ.

"ಇಲ್ಲೇ ಪಾರ್ಕಿಗೆ ಹೋಗಿದಾರೆ," ಎಂದಳು ತಂಗಿ, ನನ್ನ ಹಿಂದೆ. "ಅರ್ಧ ಗಂಟೇಲಿ ಬರ್ತೀನಿ ಅಂದ್ರು. ನಾನೇ ಹೂಂ ಅಂದೆ. ನಮ್ಮ ಮಾತು ಅವಳ ಕಿವಿಗೆ ಬೀಳೋದು ಬೇಡ ಅಂತ."

ಗಡಿಯಾರ ಐದೂ ಇಪ್ಪತ್ತು ತೋರಿಸುತ್ತಿತ್ತು. ಅವನು ಬಂದದ್ದು ನಾಲ್ಕೂಕಾಲಿಗೆ.

ನಾನು ವಕೀಲೆ ಹೇಳಿದ್ದನ್ನು ಹೇಳಿದೆ. ಲಾರಿ. ಖಾಲಿ ಮನೆ. ಬಿಟ್ಟ ಕೆಲಸ.

"ಸುಳ್ಳು," ಎಂದಳು. "ನಾನು ಸಾಕ್ಷಿ ಹೇಳ್ಲಿ ಅಂತ ಇಬ್ರೂ ಸೇರಿ ಕಟ್ಟಿದ ಕತೆ ಇದು."

ಫೋನನ್ನು ಅವಳ ಕಿವಿಗೇ ಹಿಡಿದೆ. ವಕೀಲೆ ಮತ್ತೊಮ್ಮೆ ಹೇಳುತ್ತಿದ್ದಂತೆ ಅವಳ ಮುಖದಿಂದ ಬಣ್ಣವೆಲ್ಲ ಇಳಿಯಿತು. ಅವಳು ತನ್ನ ಫೋನು ತೆಗೆದು ಅವನಿಗೆ ಮಾಡಿದಳು. ಮತ್ತೆ ಮಾಡಿದಳು. ಸ್ವಿಚ್ ಆಫ್ ಆಗಿದೆ ಎಂದು ಹೆಣ್ಣುದನಿಯೊಂದು ಸಮಾಧಾನವಾಗಿ ಹೇಳುತ್ತಿತ್ತು. ನಾನು ವಕೀಲೆಗೆ, ಪೊಲೀಸರಿಗೆ ಹೇಳಿ, ಬಸ್ ಸ್ಟ್ಯಾಂಡಿಗೆ ಜನ ಕಳಿಸಿ ಎಂದೆ. ತಂಗಿ ಐದನೆಯ ಸಲ ಫೋನು ಒತ್ತುತ್ತಿದ್ದಳು.

"ನನ್ನ ಹತ್ರಾನೇ ಬಿಡ್ತೀನಿ ಅಂದಿದ್ರು," ಎಂದಳು. ನನಗಲ್ಲ, ಫೋನಿಗೆ. "ದೇವರಾಣೆ, ಹಾಗೇ ಅಂದಿದ್ರು ಅಕ್ಕ."

ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ನನ್ನನ್ನು ಹಾಗೆ ಕರೆದಳು, ಬಿದ್ದ ಮಗು ಕರೆಯುವ ಹಾಗೆ. ನಾನು ಅವಳ ಹೆಗಲು ಹಿಡಿದುಕೊಂಡೆ. "ಈಗಲಾದ್ರೂ ಹೇಳು. ಅವಳು ಬಂದ ತಕ್ಷಣ ಎಲ್ಲಾ ಹೇಳಿಬಿಡು. ನಾನು ನಿನ್ನ ಪಕ್ಕದಲ್ಲೇ ಇರ್ತೀನಿ."

ಅವಳು ತಲೆಯಾಡಿಸಿದಳು.

ಹೊರಬಾಗಿಲು ತಳ್ಳಿದ ಸದ್ದಾಯಿತು. ದರ್ಜಿ ಒಳಗೆ ಬಂದಳು, ಕತ್ತಿನಲ್ಲಿ ಅಳತೆಯ ಟೇಪು ಹಾಗೇ ಇತ್ತು. ಕೋಣೆಯನ್ನೊಮ್ಮೆ ನೋಡಿದಳು. ಅಡಗಿಕೊಂಡಿರಬೇಕೆಂದು ಬೆಂಚಿನ ಕೆಳಗೆ ಬಗ್ಗಿ ನೋಡಿದಳು. ನಗುತ್ತಲೇ ಎದ್ದಳು. ನಮ್ಮಿಬ್ಬರ ಮುಖ ನೋಡಿದ ಮೇಲೆ ನಗು ನಿಂತಿತು.

"ಎಲ್ಲಿ ನನ್ನ ಮಗಳು?"

ನಾನು ತಂಗಿಯ ಕೈ ಅದುಮಿದೆ. ಅವಳು ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡಳು. ಒಂದು ಹೆಜ್ಜೆ ಮುಂದೆ ಹೋಗಿ ದರ್ಜಿಯ ಪಕ್ಕದಲ್ಲಿ, ನನ್ನೆದುರಿಗೆ ನಿಂತಳು.

"ಅಕ್ಕ ಕಳ್ಸಿಬಿಟ್ಲು," ಎಂದಳು. "ಅವರಪ್ಪನ ಜೊತೆ. ನಾನು ಬೇಡ ಬೇಡ ಅಂದೆ."

ದರ್ಜಿ ನನ್ನ ಕಡೆ ತಿರುಗಿದಳು.